ಹಳೇ ಎಂಜಿನ್‌ಗೆ ಆಯಿಲ್ ಜಾಸ್ತಿ ಹಾಕಿದರೆ ತಂಪಾಗುತ್ತಾ?

ಪ್ರಶ್ನೆ: ನಮ್ಮ ದೋಣಿಯ ಹಿಂಬದಿಗೆ ಕಟ್ಟುವ ಔಟ್‌ಬೋರ್ಡ್ ಎಂಜಿನ್ ಬಹಳ ಹಳೇದು, ಟೂ-ಸ್ಟ್ರೋಕ್ (ಪೆಟ್ರೋಲಿಗೇ ಆಯಿಲ್ ಬೆರೆಸುವಂಥದ್ದು). ನಡುನೀರಿನಲ್ಲಿ ಕಾದು ನಿಂತುಬಿಡುತ್ತದೆ. ಪೆಟ್ರೋಲಿಗೆ ಆಯಿಲ್ ಇನ್ನಷ್ಟು ಹಾಕಲಾ?

ಆಲಮಟ್ಟಿ ತುಂಬಿ ಬಾಗಲಕೋಟೆಯವರೆಗೆ ಹಿನ್ನೀರು ಬಂತು ಅಂದರೆ ಈ ಪ್ರಶ್ನೆಯೂ ಬಂತು ಅಂತಲೇ ಲೆಕ್ಕ. ಇನ್ನೊಮ್ಮೆ ಹೇಳುತ್ತೇನೆ, ಹಾಕಬೇಡಿ.

"ಮುದಿ ಎಂಜಿನ್ನಿಗೆ ಆಯಿಲ್ ಜಾಸ್ತಿ ಬೇಕು" ಅನ್ನುವ ಮಾತು ಎಲ್ಲಿಂದ ಬಂತು ಗೊತ್ತಾ? ಹೊಸ ಪಿಸ್ಟನ್, ರಿಂಗ್ ಹಾಕಿದಾಗ ಮೊದಲ ಹತ್ತು ತಾಸು ಆಯಿಲ್ ದುಪ್ಪಟ್ಟು ಹಾಕಿ ಓಡಿಸುವ ರೂಢಿ ಇದೆ. ಅದು ಸರಿಯೇ. ಆದರೆ ಹತ್ತು ತಾಸು ಮುಗಿದ ಮೇಲೂ ನಮ್ಮವರು ಅದನ್ನು ಬಿಡಲಿಲ್ಲ.

ಸ್ವಲ್ಪ ಯೋಚಿಸಿ. ಗಾಳಿ, ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹೋಗುವ ಜೆಟ್ ತೂತು ಇದ್ದಷ್ಟೇ ಇರುತ್ತದೆ. ಅದರಲ್ಲಿ ಆಯಿಲ್ ಜಾಸ್ತಿ ಹೋದರೆ ಪೆಟ್ರೋಲ್ ಕಡಿಮೆ ಹೋಗುತ್ತದೆ, ಅಲ್ವಾ? ಗಾಳಿ ಮಾತ್ರ ಅಷ್ಟೇ. ಪೆಟ್ರೋಲ್ ಕಡಿಮೆಯಾದ ಮಿಶ್ರಣ ಎಂಜಿನ್ನನ್ನು ಇನ್ನೂ ಕಾಯಿಸುತ್ತದೆ. ತಂಪಾಗಲಿ ಅಂತ ಹಾಕಿದ ಆಯಿಲೇ ಬಿಸಿ ಏರಿಸಿತು. ಜತೆಗೆ ಪ್ಲಗ್ ಕಪ್ಪಾಗಿ ಕಿಡಿ ಸತ್ತುಹೋಗುತ್ತದೆ, ಪಿಸ್ಟನ್ನಿನಲ್ಲಿ ರಿಂಗ್ ಕೂರುವ ಕಚ್ಚಿನಲ್ಲಿ ಮಸಿ ಕಟ್ಟಿ ರಿಂಗ್ ಅಂಟಿಕೊಳ್ಳುತ್ತದೆ. ಆಮೇಲೆ "ಎಂಜಿನ್ ಮುದಿಯಾಯ್ತು" ಅಂತ ಮತ್ತೆ ಆಯಿಲ್ ಸುರಿಯುತ್ತಾರೆ! ಎಂಜಿನ್ನಿನ ಪುಸ್ತಕದಲ್ಲಿ 50ಕ್ಕೆ 1 (50 ಪಾಲು ಪೆಟ್ರೋಲಿಗೆ 1 ಪಾಲು ಆಯಿಲ್) ಅಂತಿದ್ದರೆ ಲೀಟರಿಗೆ 20 ಮಿಲಿ. ತೀರಾ ಹಳೇ ಮಾದರಿಗೆ 25ಕ್ಕೆ 1 ಅಂತಿದ್ದರೆ 40 ಮಿಲಿ. ಅಳೆದೇ ಹಾಕಿ, ಅಂದಾಜಿಗೆ ಬೇಡ.

ಹಾಗಾದರೆ ಕಾಯೋದು ಯಾಕೆ? ಹೆಚ್ಚಾಗಿ ನೀರು ಸಾಲದೆ. ಎಂಜಿನ್ನಿನ ಕಾಲಿನೊಳಗೆ, ಅಂದರೆ ನೀರಿಗಿಳಿಯುವ ಕೆಳಭಾಗದಲ್ಲಿ, ಒಂದು ಪಂಪ್, ಅದರಲ್ಲಿ ರಬ್ಬರ್ ರೆಕ್ಕೆಯ ಇಂಪೆಲ್ಲರ್ ಇದೆ. ಹೊಳೆ ನೀರನ್ನು ಮೇಲೆತ್ತಿ ಸಿಲಿಂಡರ್ ಸುತ್ತ ಹರಿಸುವುದು ಅದೇ. "ನಮ್ಮದು ಸಿಹಿನೀರು, ಸಮುದ್ರವಲ್ಲ, ಎಂಜಿನ್ನಿನ ಒಳಗೆ ತೊಳೆಯೋದು ಯಾಕೆ" ಅನ್ನುತ್ತೀರಿ. ಮಳೆಗಾಲದ ಕೃಷ್ಣೆಯ ರಾಡಿ ನೋಡಿಲ್ಲವೇ? ಆ ಹೂಳು, ಮರಳು ರೆಕ್ಕೆ ಸವೆಸುತ್ತದೆ, ನೀರಿನ ದಾರಿ ಕಟ್ಟುತ್ತದೆ. ಎಂಜಿನ್ ಓಡುವಾಗ ಹೊರಗೆ ಚಿಮ್ಮುವ ನೀರಿನ ಧಾರೆ ಸಣ್ಣಗಾದರೆ ಕೂಡಲೇ ಬಂದ್ ಮಾಡಿ, ಇಂಪೆಲ್ಲರ್ ಬಿಚ್ಚಿ ನೋಡಿ. ದಂಡೆಯ ಮೇಲೆ ಸುಮ್ನೆ ಒಂದು ನಿಮಿಷ ಓಡಿಸಿ ನೋಡೋಣ ಅನ್ನಬೇಡಿ. ನೀರಿಲ್ಲದೆ ತಿರುಗುವ ರಬ್ಬರ್ ಅಷ್ಟರಲ್ಲೇ ಸುಡುತ್ತದೆ. ಡ್ರಮ್ಮಿನಲ್ಲಿ ಪಂಪ್ ಮುಳುಗುವಷ್ಟು ಶುದ್ಧ ನೀರು ತುಂಬಿ ಓಡಿಸಿ. ತೊಳೆದ ಹಾಗೂ ಆಯಿತು.

ಕಾಲು ಬಿಚ್ಚಿದ್ದೀರಲ್ಲ, ಅದರಲ್ಲಿರುವ ಗೇರಿನ ಆಯಿಲನ್ನೂ ನೋಡಿಬಿಡಿ. ಯಾರೂ ಇದನ್ನು ಕೇಳುವುದೇ ಇಲ್ಲ. ಹಾಲು ಹಾಕಿದ ಚಹಾದ ಬಣ್ಣ ಬಂದಿದ್ದರೆ ಒಳಗೆ ನೀರು ಹೋಗಿದೆ. ಪ್ರೊಪೆಲ್ಲರ್ ತೆಗೆದು ಹಿಂದೆ ಕೈಯಾಡಿಸಿ, ಬಲೆಯ ನೈಲಾನ್ ದಾರ ಶಾಫ್ಟಿಗೆ ಸುತ್ತಿಕೊಂಡು, ನೀರು ಒಳಬರದಂತೆ ತಡೆಯುವ ಸೀಲನ್ನು ಎಷ್ಟೋ ಸಲ ಕೊಯ್ದಿರುತ್ತದೆ. ಸೀಲ್ ಬದಲಿಸಿ, ಹೊಸ ಆಯಿಲನ್ನು ಕೆಳಗಿನ ತೂತಿನಿಂದ ಒತ್ತಿ ತುಂಬಿಸಿ, ಮೇಲಿನ ತೂತಿನಲ್ಲಿ ಇಣುಕುವವರೆಗೆ. ಮೇಲಿಂದ ಸುರಿದರೆ ಗಾಳಿ ಒಳಗೇ ಉಳಿಯುತ್ತದೆ, ಗೇರಿಗೆ ಅರ್ಧ ಆಯಿಲೂ ಸಿಗುವುದಿಲ್ಲ.