ಡಾಕ್ಟರ್ ಆಗುವವಳಿಗೆ ಕಪ್ಪು ಜನರ ಇತಿಹಾಸ ಯಾಕೆ?

ಪ್ರಶ್ನೆ: ಮಗಳು ಅಮೆರಿಕದಲ್ಲಿ ಕಾಲೇಜು ಸೇರಿದ್ದಾಳೆ. ಮುಂದೆ ಡಾಕ್ಟರ್ ಆಗುವ ಆಸೆ. ಈಗ ‘ಬ್ಲ್ಯಾಕ್ ಸ್ಟಡೀಸ್’, ಅಂದರೆ ಕಪ್ಪು ಜನರ ಇತಿಹಾಸ, ಬದುಕಿನ ವಿಷಯ ಓದುತ್ತೇನೆ ಅನ್ನುತ್ತಿದ್ದಾಳೆ. ಅದರಿಂದ ಏನು ಉಪಯೋಗ? ನಮಗೂ ಅದಕ್ಕೂ ಏನು ಸಂಬಂಧ?

ಉತ್ತರ: ಖಂಡಿತ ಓದಲಿ. ಡಾಕ್ಟರ್ ಆಗುವವರಿಗೆ ಇದು ಇನ್ನೂ ಜಾಸ್ತಿ ಬೇಕು.

ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತಿಳಿಯಲು ರಕ್ತದ ಕ್ರಿಯಾಟಿನಿನ್ (ಮಾಂಸಖಂಡದಿಂದ ಬರುವ, ಕಿಡ್ನಿ ಹೊರಹಾಕುವ ಕಸ) ನೋಡಿ ಲೆಕ್ಕ ಹಾಕುತ್ತಾರೆ. ಬಂದ ಅಂಕಿ ಜಾಸ್ತಿ ಇದ್ದಷ್ಟೂ ಕಿಡ್ನಿ ಚೆನ್ನಾಗಿದೆ ಅಂತ ಅರ್ಥ. ಅಮೆರಿಕದಲ್ಲಿ 2009ರ ಸೂತ್ರದ ಪ್ರಕಾರ, ರೋಗಿ ಕಪ್ಪು ಜನರಾದರೆ ಬಂದ ಅಂಕಿಯನ್ನು 1.159ರಿಂದ ಗುಣಿಸುತ್ತಿದ್ದರು. ಅವರಿಗೆ ಮಾಂಸಖಂಡ ಜಾಸ್ತಿ ಅನ್ನುವುದು ಅದಕ್ಕೆ ಕೊಟ್ಟ ಕಾರಣ. ಒಂದೇ ವಯಸ್ಸಿನ, ಒಂದೇ ಕ್ರಿಯಾಟಿನಿನ್ ಇರುವ ಇಬ್ಬರು ಹೆಂಗಸರನ್ನು ತಗೊಳ್ಳಿ. ಬಿಳಿಯ ಹೆಂಗಸಿಗೆ 18 ಬಂದರೆ ಕಪ್ಪು ಹೆಂಗಸಿಗೆ ಹೆಚ್ಚುಕಡಿಮೆ 21. ಕಿಡ್ನಿ ಕಸಿಗೆ ಕಾಯುವ ಲೆಕ್ಕ ಶುರುವಾಗುವುದು 20ಕ್ಕೆ ಇಳಿದಾಗ. ಒಬ್ಬರ ಸರದಿ ಶುರುವಾಯಿತು, ಇನ್ನೊಬ್ಬರದು ಇಲ್ಲ. ಕಾಯಿಲೆ ಮಾತ್ರ ಕಾಯುವುದಿಲ್ಲ, ಅಲ್ವಾ? ಇದನ್ನು ಪ್ರಶ್ನೆ ಮಾಡಿದವರಲ್ಲಿ ಮೆಡಿಕಲ್ ವಿದ್ಯಾರ್ಥಿಗಳೂ ಇದ್ದರು. 2021ರಲ್ಲಿ ಬಂದ ಹೊಸ ಸೂತ್ರದಲ್ಲಿ ಜನಾಂಗದ ಲೆಕ್ಕವೇ ಇಲ್ಲ.

ಸುಮ್ನೆ ಅಂಕಿ ನೋಡಿದರೆ ಯಾರಿಗೂ ಅನುಮಾನ ಬರುವುದಿಲ್ಲ. ಕಪ್ಪು ಜನರ ಮೈಯೇ ಬೇರೆ ಅನ್ನುವ ಮಾತಿಗೆ ಎಂಥ ಚರಿತ್ರೆ ಇದೆ ಅಂತ ಗೊತ್ತಿದ್ದವರಿಗೆ ಬರುತ್ತದೆ. 1851ರಲ್ಲಿ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯ, ಗುಲಾಮರು ತಪ್ಪಿಸಿಕೊಂಡು ಓಡುವುದನ್ನೇ ಒಂದು ಕಾಯಿಲೆ ಅಂತ ಬರೆದಿದ್ದ. ಅದಕ್ಕೊಂದು ಹೆಸರೂ ಇಟ್ಟಿದ್ದ.

ಜನರ ಮಾತು ಕೇಳುವುದನ್ನೂ ಈ ಓದು ಕಲಿಸುತ್ತದೆ. 1936ರಿಂದ 1938ರವರೆಗೆ ಅಮೆರಿಕ ಸರ್ಕಾರ 2,300ಕ್ಕೂ ಹೆಚ್ಚು ಮಾಜಿ ಗುಲಾಮರ ನೆನಪುಗಳನ್ನು ಬರೆಸಿತು. ಬರೆದುಕೊಂಡವರಲ್ಲಿ ಹೆಚ್ಚಿನವರು ಬಿಳಿಯರು. ಕೈಯಲ್ಲಿ ಕಾಸಿಲ್ಲದ ಮುದುಕಿ ಅವರೆದುರು ಹಳೆಯ ಧಣಿಯನ್ನು ಹೊಗಳಿದರೆ ಅದನ್ನು ಹಾಗೇ ನಂಬಬೇಕೇ? ಅವಳು ಏನನ್ನು ಹೇಳದೆ ಬಿಟ್ಟಳು? ಹೀಗೆ ಕೇಳಿ ಕಲಿತವರು ಮುಂದೆ ರೋಗಿಯ ಮಾತನ್ನೂ ತಾಳ್ಮೆಯಿಂದ ಕೇಳುತ್ತಾರೆ ಅಂತ ನನ್ನ ನಂಬಿಕೆ.

ಈ ವಿಷಯವನ್ನು ಯಾರೂ ಕರೆದು ಕೊಟ್ಟಿದ್ದಲ್ಲ. 1968ರ ನವೆಂಬರ್ 6ರಂದು ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ಕಾಲೇಜಿನ ವಿದ್ಯಾರ್ಥಿಗಳು ಮುಷ್ಕರ ಹೂಡಿದರು. ಅದು ನಾಲ್ಕು ತಿಂಗಳಿಗೂ ಜಾಸ್ತಿ ನಡೆಯಿತು. ನೂರಾರು ಜನರ ಬಂಧನವಾಯಿತು. ಆಮೇಲೇ ಅಲ್ಲಿ ಬ್ಲ್ಯಾಕ್ ಸ್ಟಡೀಸ್ ವಿಭಾಗ ಶುರುವಾದದ್ದು.

ಮೆಡಿಕಲ್ ಸೀಟಿನ ಚಿಂತೆ ಬೇಡ. ಬೇಕಾದ ವಿಜ್ಞಾನದ ಕೋರ್ಸುಗಳನ್ನು ಮುಗಿಸಿದರೆ, ಅಲ್ಲಿ ಯಾವ ವಿಷಯದಲ್ಲಿ ಪದವಿ ಪಡೆದವರೂ ಅರ್ಜಿ ಹಾಕಬಹುದು.

ಇನ್ನು ನಮಗೇನು ಸಂಬಂಧ ಅಂದಿರಿ. 1946ರ ಕಾನೂನಿನಲ್ಲಿ ಅಮೆರಿಕಕ್ಕೆ ವಲಸೆ ಹೋಗಲು ಭಾರತಕ್ಕೆ ಸಿಕ್ಕಿದ್ದು ವರ್ಷಕ್ಕೆ 100 ಜಾಗ. ಆ ಪದ್ಧತಿ ಬಿದ್ದದ್ದು 1965ರ ಕಾನೂನಿನಿಂದ. ಕಪ್ಪು ಜನರ ಹಕ್ಕಿನ ಹೋರಾಟ ಇಡೀ ದೇಶವನ್ನು ಅಲ್ಲಾಡಿಸಿದ್ದರಿಂದಲೇ ಅಂಥ ಕಾನೂನಿಗೆ ದಾರಿಯಾಯಿತು. ಅಲ್ಲಿನ ಕನ್ನಡ ಕೂಟಗಳಲ್ಲಿ ಹಬ್ಬಕ್ಕೆ ಸೇರುವ ಎಷ್ಟೋ ಮನೆಗಳು ಅಮೆರಿಕ ಸೇರಿದ್ದು ಆ ಬಾಗಿಲಿನಿಂದಲೇ.