ಎಂಟು ಸರ್ವರ್‌ಗಳಲ್ಲಿ ಏಳು

2012ರ ಆಗಸ್ಟ್ 1ರಂದು ಅಮೆರಿಕದ ಷೇರುಪೇಟೆ ತೆರೆದ ಕ್ಷಣದಿಂದಲೇ ನೈಟ್ ಕ್ಯಾಪಿಟಲ್ ಎಂಬ ಸಂಸ್ಥೆಯ ಕಂಪ್ಯೂಟರುಗಳು ಲಂಗುಲಗಾಮಿಲ್ಲದೆ ಷೇರು ಕೊಳ್ಳತೊಡಗಿದವು, ಮಾರತೊಡಗಿದವು. ಗ್ರಾಹಕರಿಂದ ಬಂದಿದ್ದು ಬರೀ 212 ಸಣ್ಣ ಆರ್ಡರುಗಳು. ಅವನ್ನು ಪೂರೈಸುವ ನೆಪದಲ್ಲಿ ಸುಮಾರು 45 ನಿಮಿಷಗಳಲ್ಲಿ 154 ಕಂಪನಿಗಳ 39 ಕೋಟಿಗೂ ಹೆಚ್ಚು ಷೇರುಗಳ ವ್ಯವಹಾರ ನಡೆದುಹೋಯಿತು. ನಷ್ಟ 46 ಕೋಟಿ ಡಾಲರ್ ದಾಟಿತು.

ಕಾರಣವನ್ನು ಅಲ್ಲಿನ ಷೇರುಪೇಟೆ ನಿಯಂತ್ರಣ ಆಯೋಗ ಮರುವರ್ಷ ತನ್ನ ಆದೇಶದಲ್ಲಿ ದಾಖಲಿಸಿತು. ಆರ್ಡರುಗಳನ್ನು ನಿಭಾಯಿಸುತ್ತಿದ್ದ ಎಂಟು ಸರ್ವರ್‌ಗಳಿಗೆ ಹೊಸ ಕೋಡ್ ಹೋಗಬೇಕಿತ್ತು. ಏಳಕ್ಕೆ ಹೋಯಿತು, ಒಂದಕ್ಕೆ ಹೋಗಲಿಲ್ಲ. ಆ ಎಂಟನೆಯದರಲ್ಲಿ 2003ರಿಂದ ಬಳಸದೆ ಬಿಟ್ಟಿದ್ದ ಹಳೆಯ ಕೋಡ್ ಹಾಗೆಯೇ ಕೂತಿತ್ತು. ಹೊಸ ಕೋಡನ್ನು ಚಾಲೂ ಮಾಡಲು ಇಟ್ಟುಕೊಂಡ ಸಂಕೇತ, ಹಿಂದೆ ಆ ಹಳೆಯ ಕೋಡನ್ನು ಎಬ್ಬಿಸುತ್ತಿದ್ದ ಸಂಕೇತವೇ ಆಗಿತ್ತು. ಗಾಬರಿಯಲ್ಲಿ ತಂತ್ರಜ್ಞರು ಸರಿಯಾಗಿದ್ದ ಏಳು ಸರ್ವರ್‌ಗಳಿಂದ ಹೊಸ ಕೋಡನ್ನೇ ತೆಗೆದುಹಾಕಿದರು. ಆಗ ಎಂಟೂ ಕೆಟ್ಟವು.

ಒಂದು ಕಂಪ್ಯೂಟರಿಗೆ ಹೊಸ ತಂತ್ರಾಂಶ ಹಾಕುವುದು ಯಾರಿಗೂ ಕಷ್ಟವಲ್ಲ. ಎಂಟಕ್ಕೆ, ಎಂಟುನೂರಕ್ಕೆ, ಎಂಬತ್ತು ಸಾವಿರಕ್ಕೆ ಹಾಕಿ, ಎಲ್ಲವೂ ಒಂದೇ ಸ್ಥಿತಿಯಲ್ಲಿವೆ ಎಂದು ಖಾತ್ರಿ ಮಾಡಿಕೊಳ್ಳುವುದೇ ಕಷ್ಟ. ಬ್ಯಾಂಕು, ಆಸ್ಪತ್ರೆ, ವಿಮಾನ ನಿಲ್ದಾಣ ಎಲ್ಲವೂ ಇಂದು ಈ ಖಾತ್ರಿಯ ಮೇಲೆ ನಿಂತಿವೆ. ಆದರೆ ಈ ಕೆಲಸ ಮಾಡುವ ಸಿಸ್ಟಮ್ ಅಡ್ಮಿನ್‌ಗಳ ಬಗ್ಗೆ ನಾವು ಮಾತಾಡುವುದು ಏನಾದರೂ ಕೆಟ್ಟಾಗ ಮಾತ್ರ.

ಮೊದಲು ಪ್ಯಾಕೇಜ್ ಎಂದರೇನು ನೋಡೋಣ. ಒಂದು ತಂತ್ರಾಂಶಕ್ಕೆ ಬೇಕಾದ ಫೈಲುಗಳೆಲ್ಲ ಒಂದು ಗಂಟಿನಲ್ಲಿ ಇರುತ್ತವೆ. ಜೊತೆಗೆ ಅದರ ಹೆಸರು, ಆವೃತ್ತಿ ಸಂಖ್ಯೆ, ಅದು ನಡೆಯಲು ಬೇಕಾದ ಇತರ ಪ್ಯಾಕೇಜುಗಳ ಪಟ್ಟಿ, ಹಾಕುವ ಮುನ್ನ ಮತ್ತು ಹಾಕಿದ ಮೇಲೆ ಮಾಡಬೇಕಾದ ಕೆಲಸಗಳ ಸೂಚನೆಯೂ ಇರುತ್ತವೆ. 1993ರಲ್ಲಿ ಶುರುವಾದ ಡೆಬಿಯನ್ ಯೋಜನೆಯ ಡಿಪಿಕೆಜಿ, ರೆಡ್ ಹ್ಯಾಟ್ ಸಂಸ್ಥೆಯ ಆರ್‌ಪಿಎಂ, ಪ್ಯಾಕೇಜುಗಳನ್ನು ನಿಭಾಯಿಸುವ ಈ ಎರಡು ತಂತ್ರಾಂಶಗಳು ತೊಂಬತ್ತರ ದಶಕದ ನಡುವೆ ಈ ಪದ್ಧತಿಯನ್ನು ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯ ಜಗತ್ತಿನಲ್ಲಿ ಬೇರೂರಿಸಿದವು. ಇವು ತಂದ ದೊಡ್ಡ ಲಾಭ ಸುಲಭದ ಅನುಸ್ಥಾಪನೆ ಎಂದು ಹಲವರು ಹೇಳುತ್ತಾರೆ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡದು, ಪ್ರತಿ ಯಂತ್ರದಲ್ಲೂ ಉಳಿಯುವ ಲೆಕ್ಕಪತ್ರ. ಡಿಸ್ಕಿನ ಯಾವುದೋ ಮೂಲೆಯ ಫೈಲು ಯಾವ ಪ್ಯಾಕೇಜಿನಿಂದ ಬಂತು, ಅದರ ಆವೃತ್ತಿ ಯಾವುದು, ಬಂದ ಮೇಲೆ ಯಾರಾದರೂ ಅದನ್ನು ತಿದ್ದಿದ್ದಾರೆಯೇ ಎಂದು ಕೇಳಿದರೆ ಈಗ ಉತ್ತರ ಸಿಗುತ್ತದೆ. ಈ ಲೆಕ್ಕವಿಲ್ಲದಿದ್ದರೆ ಸಾವಿರ ಯಂತ್ರಗಳನ್ನು ಹೋಲಿಸಿ ನೋಡುವ ಮಾತೇ ಇಲ್ಲ.

ಇನ್ನು ಅವಲಂಬನೆಯ ಪ್ರಶ್ನೆ. ಇದರಲ್ಲಿ ನಿಜವಾದ ಗಣಿತವಿದೆ. 'ಕ' ಎಂಬ ಪ್ಯಾಕೇಜಿಗೆ 'ಗ'ದ ಎರಡನೇ ಆವೃತ್ತಿಯೋ ಅದಕ್ಕಿಂತ ಹೊಸದೋ ಬೇಕು. 'ಚ'ಕ್ಕೆ 'ಗ'ದ ಹಳೆಯ ಆವೃತ್ತಿಯೇ ಬೇಕು. ಒಂದೇ ಯಂತ್ರದಲ್ಲಿ 'ಗ'ದ ಎರಡು ಆವೃತ್ತಿ ಇರುವಂತಿಲ್ಲ. ಹಾಗಾದರೆ 'ಕ' ಮತ್ತು 'ಚ' ಒಟ್ಟಿಗೆ ಇರಲಾರವು. ಮೂರು ಪ್ಯಾಕೇಜುಗಳಿದ್ದರೆ ಕಣ್ಣಿಗೇ ಕಾಣುವ ಈ ತೊಡಕು, ಡೆಬಿಯನ್‌ನಂತೆ 60 ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳಿದ್ದಾಗ ಏನಾಗಬೇಡ? ಪ್ರತಿಯೊಂದು ಆವೃತ್ತಿಯನ್ನೂ ಇರಲಿ ಅಥವಾ ಬೇಡ ಎಂಬ ಎರಡೇ ಉತ್ತರದ ಪ್ರಶ್ನೆಯಾಗಿ ಬರೆದರೆ, ಎಲ್ಲ ಷರತ್ತುಗಳಿಗೂ ಒಪ್ಪುವ ಉತ್ತರಗಳ ಗುಂಪನ್ನು ಹುಡುಕುವುದು ತರ್ಕಶಾಸ್ತ್ರದ ಸ್ಯಾಟ್ ಸಮಸ್ಯೆಗೆ ಸಮ. ಗಣಕ ವಿಜ್ಞಾನಿ ಸ್ಟೀಫನ್ ಕುಕ್ 1971ರಲ್ಲಿ ಎನ್‌ಪಿ-ಕಂಪ್ಲೀಟ್ ಎಂದು ತೋರಿಸಿದ್ದು ಇದೇ ಸಮಸ್ಯೆಯನ್ನು. ಎಲ್ಲ ಸಂದರ್ಭಕ್ಕೂ ವೇಗವಾಗಿ ಉತ್ತರ ಕೊಡುವ ವಿಧಾನ ಇದಕ್ಕೆ ಇವತ್ತಿಗೂ ಸಿಕ್ಕಿಲ್ಲ. ಆದರೂ ನಿಜಜೀವನದ ಪ್ಯಾಕೇಜುಗಳ ಜಾಲ ಅಷ್ಟು ಕ್ರೂರವಲ್ಲ. ಲಿನಕ್ಸ್‌ನ ಇನ್ನೊಂದು ವಿತರಣೆಯಾದ ಓಪನ್‌ಸೂಸೆ 2008ರಲ್ಲಿ ಸ್ಯಾಟ್ ಪರಿಹಾರಕವನ್ನೇ ತನ್ನ ಪ್ಯಾಕೇಜ್ ವ್ಯವಸ್ಥೆಗೆ ಜೋಡಿಸಿತು. ಮುಂದೆ ಫೆಡೋರಾ ಎಂಬ ವಿತರಣೆಯ ಪ್ಯಾಕೇಜ್ ತಂತ್ರಾಂಶ ಡಿಎನ್‌ಎಫ್ ಕೂಡ ಅದೇ ಬಗೆಯ ಪರಿಹಾರಕವನ್ನು ಬಳಸಿತು. ಗಣಿತಜ್ಞರನ್ನು ಕಾಡಿದ ಪ್ರಶ್ನೆಯೊಂದು ಪ್ರತಿದಿನ ಲಕ್ಷಾಂತರ ಯಂತ್ರಗಳಲ್ಲಿ ಕ್ಷಣಗಳಲ್ಲಿ ಬಿಡಿಸಲ್ಪಡುತ್ತಿದೆ ಎಂಬುದು ನನಗೆ ಈಗಲೂ ಬೆರಗು.

ಪ್ಯಾಕೇಜು ಎಲ್ಲಿಂದ ಬರುತ್ತದೆ? ಸಾಮಾನ್ಯವಾಗಿ ಮೂಲ ಭಂಡಾರದ ನಕಲು ಇಟ್ಟುಕೊಂಡ ಮಿರರ್ ಸರ್ವರ್‌ಗಳಿಂದ. ಅವುಗಳನ್ನು ನಡೆಸುವವರು ನಮಗೆ ಪರಿಚಿತರಲ್ಲ. ಅದಕ್ಕೇ ಡೆಬಿಯನ್‌ನಲ್ಲಿ ನಂಬಿಕೆ ಸರಪಳಿಯ ರೂಪದಲ್ಲಿದೆ. ಒಂದು ಮುಖ್ಯ ಪಟ್ಟಿಗೆ ಡಿಜಿಟಲ್ ಸಹಿ ಇರುತ್ತದೆ, ಆ ಪಟ್ಟಿಯಲ್ಲಿ ಉಳಿದ ಪಟ್ಟಿಗಳ ಹ್ಯಾಶ್ (ಫೈಲಿನ ಒಳಗಿರುವುದರಿಂದ ಲೆಕ್ಕಹಾಕಿದ, ಬೆರಳಚ್ಚಿನಂಥ ಸಂಖ್ಯೆ), ಅವುಗಳಲ್ಲಿ ಪ್ರತಿ ಪ್ಯಾಕೇಜಿನ ಹ್ಯಾಶ್. ಒಂದು ಬಿಟ್ ಬದಲಾದರೂ ಗೊತ್ತಾಗುತ್ತದೆ. ಇಷ್ಟಿದ್ದರೆ ಸಾಕೆಂದು ತೋರುತ್ತದೆ, ಆದರೆ ಸಾಲದು. 2008ರಲ್ಲಿ ಅರಿಜೋನಾ ವಿಶ್ವವಿದ್ಯಾಲಯದ ಸಂಶೋಧಕರು ಕಲ್ಪಿತ ಕಂಪನಿಯ ಹೆಸರಿನಲ್ಲಿ ಮಿರರ್ ನೋಂದಾಯಿಸಿ, ಹಲವು ಲಿನಕ್ಸ್ ವಿತರಣೆಗಳ ಅಧಿಕೃತ ಪಟ್ಟಿಗೆ ಅದನ್ನು ಸೇರಿಸಿ ತೋರಿಸಿದರು. ಅಂಥ ಮಿರರ್ ಏನನ್ನೂ ತಿದ್ದಬೇಕಿಲ್ಲ. ಸರಿಯಾಗಿ ಸಹಿಯಾದ ಹಳೆಯ ಪಟ್ಟಿಯನ್ನೇ ಕೊಡುತ್ತಿದ್ದರೆ ಸಾಕು, 'ಹೊಸದೇನೂ ಇಲ್ಲ' ಎಂದು ನಂಬಿದ ಯಂತ್ರಗಳು ತೂತುಬಿದ್ದ ಆವೃತ್ತಿಯಲ್ಲೇ ಉಳಿಯುತ್ತವೆ. ಪಟ್ಟಿಗೆ ಮುಕ್ತಾಯದ ದಿನಾಂಕ ನಮೂದಿಸುವುದು ಇದಕ್ಕೆ ಒಂದು ಮದ್ದು.

ಈಗ ನೂರಾರು ಯಂತ್ರಗಳ ಮಾತು. ಎಲ್ಲಕ್ಕೂ ಒಂದೇ ಆಜ್ಞೆ ಕಳುಹಿಸಿದರೆ ಮುಗಿಯಿತಲ್ಲ ಎನಿಸಬಹುದು. ಆಜ್ಞೆ ಹೋದಾಗ ಒಂದು ಯಂತ್ರ ಆಫ್ ಆಗಿತ್ತು. ಇನ್ನೊಂದರಲ್ಲಿ ಡಿಸ್ಕ್ ತುಂಬಿತ್ತು. ಮತ್ತೊಂದರಲ್ಲಿ ಯಾರೋ ತುರ್ತಿಗೆಂದು ಕೈಯಾರೆ ಏನೋ ಬದಲಿಸಿದ್ದರು. ತಿಂಗಳು ಕಳೆಯುವುದರೊಳಗೆ ಒಂದರಂತೆ ಇನ್ನೊಂದಿರುವುದಿಲ್ಲ. ಓಸ್ಲೋದಲ್ಲಿದ್ದ ಮಾರ್ಕ್ ಬರ್ಜೆಸ್ 1993ರಲ್ಲಿ ಸಿಎಫ್‌ಎಂಜಿನ್ ಎಂಬ ಯಂತ್ರ ನಿರ್ವಹಣೆಯ ತಂತ್ರಾಂಶ ಬರೆಯಲು ತೊಡಗಿದಾಗ ಹಿಡಿದ ದಾರಿ ಬೇರೆ. ಏನು ಮಾಡಬೇಕೆಂದು ಹೇಳುವ ಬದಲು ಹೇಗಿರಬೇಕೆಂದು ಬರೆದಿಡುವುದು. 'ಈ ಪ್ಯಾಕೇಜಿನ ಈ ಆವೃತ್ತಿ ಇರಬೇಕು, ಈ ಸೇವೆ ನಡೆಯುತ್ತಿರಬೇಕು' ಎಂಬ ವಿವರಣೆಯನ್ನು ಪ್ರತಿ ಯಂತ್ರವೂ ತಾನೇ ಆಗಾಗ ಓದಿ, ತನ್ನ ಸ್ಥಿತಿಯನ್ನು ಅದಕ್ಕೆ ಹೋಲಿಸಿ, ವ್ಯತ್ಯಾಸವಿದ್ದರಷ್ಟೇ ತಿದ್ದಿಕೊಳ್ಳುತ್ತದೆ. ನಿನ್ನೆ ಆಫ್ ಆಗಿದ್ದದ್ದು ಇಂದು ಎದ್ದೊಡನೆ ಸರಿಹೋಗುತ್ತದೆ. ಹತ್ತು ಸಲ ಓಡಿಸಿದರೂ ಫಲ ಒಂದೇ. ಪಪೆಟ್, ಶೆಫ್, ಆನ್ಸಿಬಲ್ ಮೊದಲಾದ ಮುಂದಿನ ತಂತ್ರಾಂಶಗಳೆಲ್ಲವೂ ಈ ವಿಚಾರವನ್ನು ತಮ್ಮ ತಮ್ಮ ರೀತಿಯಲ್ಲಿ ಮುಂದುವರಿಸಿದವು.

ಹಾಗಾದರೆ ಅಪ್‌ಡೇಟ್ ಬಂದ ದಿನವೇ ಎಲ್ಲ ಕಡೆ ಹಾಕಿಬಿಡಬೇಕೇ? ಇಲ್ಲಿ ಎರಡು ಘಟನೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ವಿಂಡೋಸ್‌ನ ಒಂದು ದೋಷಕ್ಕೆ ಮೈಕ್ರೋಸಾಫ್ಟ್ 2017ರ ಮಾರ್ಚ್ 14ರಂದು ಪ್ಯಾಚ್, ಅಂದರೆ ದೋಷ ಮುಚ್ಚುವ ತಿದ್ದುಪಡಿ, ಬಿಡುಗಡೆ ಮಾಡಿತು. 59 ದಿನಗಳ ನಂತರ, ಮೇ 12ರಂದು, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ಎಂಬ ದುಷ್ಟ ತಂತ್ರಾಂಶ ಅದೇ ದೋಷದ ಮೂಲಕ ಹಬ್ಬಿ ಬ್ರಿಟನ್ನಿನ ಆಸ್ಪತ್ರೆಗಳನ್ನೂ ಕಂಗೆಡಿಸಿತು. ತಡಮಾಡಿದ್ದಕ್ಕೆ ತೆತ್ತ ಬೆಲೆ ಅದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪ್ಯೂಟರ್ ಭದ್ರತಾ ಸಂಸ್ಥೆ ಕಳುಹಿಸಿದ ಒಂದು ದೋಷಪೂರ್ಣ ಫೈಲು ಸಿಕ್ಕ ಸಿಕ್ಕ ಯಂತ್ರಗಳನ್ನೆಲ್ಲ ಏಕಕಾಲಕ್ಕೆ ತಲುಪಿತು. 78 ನಿಮಿಷಗಳಲ್ಲಿ ಹಿಂತೆಗೆದುಕೊಂಡರೂ, ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದವು. ಬೂಟ್ ಆಗದ ಯಂತ್ರಕ್ಕೆ ದೂರದಿಂದ ಯಾವ ತಿದ್ದುಪಡಿಯೂ ಮುಟ್ಟುವುದಿಲ್ಲ. ಬಹಳಷ್ಟು ಕಡೆ ಒಬ್ಬೊಬ್ಬರಾಗಿ ಯಂತ್ರದ ಎದುರು ಹೋಗಿ ನಿಲ್ಲಬೇಕಾಯಿತು.

ಎರಡೂ ಅಪಾಯಗಳ ನಡುವಿನ ಹಾದಿ, ಹಂತಹಂತವಾಗಿ ಹರಡುವುದು. ಮೊದಲು ಬೆರಳೆಣಿಕೆಯ ಯಂತ್ರಗಳು, ಸ್ವಲ್ಪ ಕಾಯುವಿಕೆ, ನಂತರ ನೂರಕ್ಕೆ ಹತ್ತು, ಆಮೇಲೆ ಉಳಿದವು. ಎಲ್ಲಾದರೂ ಎಡವಿದರೆ ಅಲ್ಲೇ ನಿಲ್ಲಬೇಕು. ತುರ್ತು ಪ್ಯಾಚ್ ಆದರೂ ಈ ಮೊದಲ ಹಂತವನ್ನು ಬಿಡಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಕಾಯುವ ಅವಧಿಯನ್ನು ದಿನದಿಂದ ಗಂಟೆಗೆ ಇಳಿಸಬಹುದು, ಸೊನ್ನೆಗೆ ಇಳಿಸಬಾರದು.

ಇಷ್ಟೆಲ್ಲ ಆದ ಮೇಲೂ ಒಂದು ಮೋಸ ಉಳಿದಿರುತ್ತದೆ. ಲಿನಕ್ಸ್‌ನಲ್ಲಿ ಲೈಬ್ರರಿಯೊಂದರ (ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡ್‌ನ) ಫೈಲನ್ನು ಬದಲಿಸಿದಾಗ, ಆಗಲೇ ಓಡುತ್ತಿರುವ ಪ್ರೋಗ್ರಾಂ ಹಳೆಯದನ್ನೇ ಮೆಮರಿಯಲ್ಲಿ ಹಿಡಿದುಕೊಂಡಿರುತ್ತದೆ. 2014ರ ಏಪ್ರಿಲ್‌ನಲ್ಲಿ, ಅಂತರಜಾಲದ ಸಂಪರ್ಕವನ್ನು ಗೂಢಲಿಪಿಯಲ್ಲಿಡುವ ಓಪನ್‌ಎಸ್‌ಎಸ್‌ಎಲ್ ಎಂಬ ಲೈಬ್ರರಿಯ ಹಾರ್ಟ್‌ಬ್ಲೀಡ್ ದೋಷ ಬಯಲಾದಾಗ ಹೊಸ ಪ್ಯಾಕೇಜ್ ಹಾಕಿದರಷ್ಟೇ ಸಾಲುತ್ತಿರಲಿಲ್ಲ. ವೆಬ್ ಸರ್ವರ್ ಅನ್ನು ರೀಸ್ಟಾರ್ಟ್ ಮಾಡದಿದ್ದರೆ ಪ್ಯಾಕೇಜ್ ಪಟ್ಟಿ ಹೊಸ ಆವೃತ್ತಿ ತೋರಿಸುತ್ತಿತ್ತು, ಓಡುತ್ತಿದ್ದದ್ದು ಹಳೆಯದೇ. ಆದ್ದರಿಂದ ಒಳ್ಳೆಯ ಅಡ್ಮಿನ್‌ಗಳು, ಓಡುತ್ತಿರುವ ಪ್ರತಿ ಪ್ರೋಗ್ರಾಂ ಅಳಿಸಿಹೋದ ಫೈಲನ್ನೇನಾದರೂ ಹಿಡಿದಿದೆಯೇ ಎಂದು ಪರೀಕ್ಷಿಸುವ ಉಪಕರಣಗಳನ್ನು ಇಟ್ಟುಕೊಂಡಿರುತ್ತಾರೆ. ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನೆಲ್ ಬದಲಾದರೆ ಸಾಮಾನ್ಯವಾಗಿ ರೀಬೂಟ್ ಆಗಲೇಬೇಕು. ಅದಕ್ಕಾಗಿ ಒಂದು ಯಂತ್ರಕ್ಕೆ ಹೊಸ ಕೆಲಸ ಹೋಗದಂತೆ ತಡೆದು, ಕೈಯಲ್ಲಿರುವುದನ್ನು ಮುಗಿಸಲು ಬಿಟ್ಟು, ರೀಬೂಟ್ ಮಾಡಿ, ಪರೀಕ್ಷಿಸಿ, ಮತ್ತೆ ಸಾಲಿಗೆ ಸೇರಿಸಿ, ಮುಂದಿನದಕ್ಕೆ ಹೋಗುತ್ತಾರೆ. ಸಾವಿರಾರು ಯಂತ್ರಗಳಿದ್ದಲ್ಲಿ ಇದು ದಿನಗಟ್ಟಲೆ ಹಿಡಿಯಬಹುದು. ಅಷ್ಟು ದಿನ ಹಳೆಯ ಆವೃತ್ತಿ ಮತ್ತು ಹೊಸ ಆವೃತ್ತಿ ಎರಡೂ ಒಂದೇ ಜಾಲದಲ್ಲಿ ಒಂದರೊಡನೊಂದು ಸಂದೇಶ ವಿನಿಮಯ ಮಾಡಿಕೊಳ್ಳುತ್ತಿರುತ್ತವೆ. ಹಾಗಾಗಿ ಹೊಸ ಆವೃತ್ತಿಯನ್ನು ಬರೆಯುವವರು ಹಳೆಯದರ ಸಂದೇಶಗಳೂ ಅರ್ಥವಾಗುವಂತೆ ಬರೆದು, ಕೊನೆಯ ಯಂತ್ರವೂ ಬದಲಾಗುವವರೆಗೆ ಆ ಭಾಗವನ್ನು ಉಳಿಸಿಕೊಳ್ಳಬೇಕಾಗುತ್ತದೆ.