ಆನೆ ಹುಡುಕುವ ಡ್ರೋನ್: ಬ್ಯಾಟರಿ ತಿನ್ನುವುದು ಯಾವುದು?

ಓದುಗರ ಪ್ರಶ್ನೆ: ಕೊಡಗಿನ ಸಿದ್ದಾಪುರದ ಕಡೆ ನಮ್ಮ ಕಾಫಿ ತೋಟದಲ್ಲಿ ಆನೆ ಕಾಟ ಜಾಸ್ತಿ. ಥರ್ಮಲ್ ಕ್ಯಾಮೆರಾ ಇರುವ ಡ್ರೋನ್ ಮೇಲಿನಿಂದಲೇ ಆನೆ ಗುರುತಿಸಲಿ ಅಂತ ಅದರೊಳಗೆ ಕಂಪ್ಯೂಟರ್ ಬೋರ್ಡ್ ಕೂರಿಸಿದರೆ, ಹಾರುವ ಸಮಯ ಅರ್ಧಕ್ಕೆ ಇಳಿಯುತ್ತದಾ?

ಅರ್ಧಕ್ಕೆಲ್ಲ ಇಳಿಯುವುದಿಲ್ಲ. ಥರ್ಮಲ್ (ಬಿಸಿ ಗುರುತಿಸುವ) ಕ್ಯಾಮೆರಾ ಇರುವ ಡಿಜೆಐ ಮ್ಯಾವಿಕ್ 3ಟಿ ಡ್ರೋನಿನ ಬ್ಯಾಟರಿ 77 ವ್ಯಾಟ್-ಅವರ್. ಕಂಪನಿ ಹೇಳುವ ಹಾರಾಟ ಗರಿಷ್ಠ 45 ನಿಮಿಷ. ಅಲ್ಲಿಗೆ ಖರ್ಚು ಸುಮಾರು 100 ವ್ಯಾಟ್ ಆಯಿತು, ಬಹುಪಾಲು ಫ್ಯಾನ್ ತಿರುಗಿಸುವುದಕ್ಕೇ. ಆ ಗಾತ್ರದ ಡ್ರೋನ್‌ಗೆ 10 ವ್ಯಾಟ್ ಬೋರ್ಡ್ ಹಾಕಿದರೆ ನಾಲ್ಕು ನಿಮಿಷ ಹೋಗುತ್ತದೆ. ಬೋರ್ಡಿನ ತೂಕ, ಬಿಸಿ ಕಳೆಯುವ ಹೀಟ್‌ಸಿಂಕ್‌ನ ತೂಕ ಬೇರೆ. ಅದೇ ಕೆಲಸವನ್ನು 2 ವ್ಯಾಟ್‌ನಲ್ಲಿ ಮುಗಿಸಿದರೆ ಒಂದು ನಿಮಿಷದೊಳಗೇ ನಷ್ಟ ನಿಲ್ಲುತ್ತದೆ.

ಹೇಗೆ ಇಳಿಸುತ್ತಾರೆ ಅನ್ನುವುದೇ ಸ್ವಾರಸ್ಯ. ಥರ್ಮಲ್ ಕ್ಯಾಮೆರಾದ ಚಿತ್ರ 640×512 ಪಿಕ್ಸೆಲ್, ಪ್ರತಿ ಪಿಕ್ಸೆಲ್‌ಗೆ 14 ಬಿಟ್, ಸೆಕೆಂಡಿಗೆ 30 ಚಿತ್ರ ಅಂದರೆ ಸೆಕೆಂಡಿಗೆ ಸುಮಾರು 13.8 ಕೋಟಿ ಬಿಟ್. ಇಷ್ಟನ್ನು ಲೆಕ್ಕ ಹಾಕುವುದೇ ದುಬಾರಿ ಅನ್ನಿಸುತ್ತೆ, ಅಲ್ವಾ? ಅಲ್ಲ. ಸ್ಟ್ಯಾನ್‌ಫರ್ಡ್‌ನ ಚಿಪ್ ತಜ್ಞ ಮಾರ್ಕ್ ಹೊರೊವಿಟ್ಜ್ 2014ರಲ್ಲಿ ಕೊಟ್ಟ ಅಂದಾಜು ನೋಡಿ. 45 ನ್ಯಾನೋಮೀಟರ್ ಚಿಪ್‌ನಲ್ಲಿ 32 ಬಿಟ್‌ನ ಒಂದು ದಶಮಾಂಶ ಗುಣಾಕಾರಕ್ಕೆ 3.7 ಪಿಕೋಜೂಲ್ ಶಕ್ತಿ (ಒಂದು ಪಿಕೋಜೂಲ್ ಅಂದರೆ ಜೂಲ್‌ನ ಲಕ್ಷ ಕೋಟಿಯಲ್ಲಿ ಒಂದು ಪಾಲು). ಅಷ್ಟೇ ದೊಡ್ಡ ಸಂಖ್ಯೆಯನ್ನು ಹೊರಗಿನ ಡಿರ್‍ಯಾಮ್ ಮೆಮೊರಿಯಿಂದ ತರಲು ಸುಮಾರು 640 ಪಿಕೋಜೂಲ್! ಒಂದೊಂದು ಕಾಫಿ ಹಣ್ಣು ಕೊಯ್ದಾಗಲೂ ಕಣಕ್ಕೆ ನಡೆದು ಇಟ್ಟು ಬಂದ ಹಾಗೆ.

ಹಾಗಾಗಿ ಜಾಣ ವಿನ್ಯಾಸದಲ್ಲಿ ಇಡೀ ಚಿತ್ರವನ್ನು ಹೊರಗಿನ ಮೆಮೊರಿಗೆ ಹಾಕುವುದೇ ಇಲ್ಲ. ಬೇಕಾದ ಸರ್ಕ್ಯೂಟನ್ನು ನಾವೇ ರೂಪಿಸಿಕೊಳ್ಳಬಹುದಾದ ಎಫ್‌ಪಿಜಿಎ ಚಿಪ್‌ನಲ್ಲಿ ಕೆಲವೇ ಸಾಲುಗಳನ್ನು ಹಿಡಿದಿಟ್ಟು, ಪಿಕ್ಸೆಲ್ ಬರುತ್ತಿದ್ದಂತೆ ಸೋಸುತ್ತಾರೆ. ಸುತ್ತಲಿಗಿಂತ ಬೆಚ್ಚಗಿನ ದೊಡ್ಡ ಮಚ್ಚೆ ಕಂಡರೆ ಮಾತ್ರ, ಚಿತ್ರ ನೋಡಿ ಆನೆ ಗುರುತಿಸಲು ಕಲಿತ ಪ್ರೋಗ್ರಾಂ ಆದ ನ್ಯೂರಲ್ ನೆಟ್‌ವರ್ಕ್‌ಗೆ ಕೆಲಸ. ಅದಕ್ಕೂ 64×64ರ ತುಂಡು ಸಾಕು, ಅಂದರೆ ಚಿತ್ರದ ಎಂಬತ್ತರಲ್ಲಿ ಒಂದು ಭಾಗ. ಸಂಖ್ಯೆಗಳನ್ನೂ 32ರಿಂದ 8 ಬಿಟ್‌ಗೆ ಕುಗ್ಗಿಸುತ್ತಾರೆ. ಆನೆ ಹೌದೋ ಅಲ್ಲವೋ ಅನ್ನಲು ಅಷ್ಟು ನಿಖರತೆ ಸಾಮಾನ್ಯವಾಗಿ ಸಾಲುತ್ತದೆ.

ಕೆಳಗೆ ಕಳಿಸಬೇಕಾದ್ದು ಜಾಗದ ಗುರುತು, ಒಂದು ಪುಟ್ಟ ಚಿತ್ರ, ಅಷ್ಟೇ. ನನ್ನ ಪ್ರಕಾರ ಕೊಡಗಿನಲ್ಲಿ ಆ ನಾಲ್ಕು ನಿಮಿಷಕ್ಕಿಂತ ಇದೇ ದೊಡ್ಡ ಲಾಭ. ಗುಡ್ಡದ ಮರೆಯಲ್ಲಿ ವಿಡಿಯೋ ಸಿಗ್ನಲ್ ಕಡಿದುಹೋಗುತ್ತದೆ, ಇಷ್ಟು ಪುಟ್ಟ ಸಂದೇಶವಾದರೆ ಮತ್ತೆ ಮತ್ತೆ ಕಳಿಸಬಹುದು.

ಒಂದು ಎಚ್ಚರಿಕೆ. ಥರ್ಮಲ್ ಕ್ಯಾಮೆರಾ ಎಲೆಯನ್ನು ದಾಟಿ ನೋಡಲಾರದು. ದಟ್ಟ ನೆರಳು ಮರದಡಿ ನಿಂತ ಆನೆ ತಪ್ಪಿಹೋಗಬಹುದು. ಡ್ರೋನ್ "ಏನೂ ಇಲ್ಲ" ಅಂದಿತು ಅಂತ ಕೆಲಸದವರನ್ನು ಸುಮ್ನೆ ತೋಟಕ್ಕೆ ಇಳಿಸಬೇಡಿ.